ಶಾಂತವೇರಿ ಗೋಪಾಲಗೌಡ

ಸಹ್ಯಾದ್ರಿಯ ಮಡಿಲಿನಿಂದ ಹರಿದುಬರುವ ತುಂಗಾನದಿಯು ಶಿವಮೊಗ್ಗ ನಗರದ ಅಂಚನ್ನು ತೊಳೆದು ಮುಂದೆ ಸಾಗುತ್ತದೆ. ಅದರ ಸೋದರಿಯಾದ ಭದ್ರೆಯು ಭದ್ರಾವತಿಯನ್ನು ಹಾಯ್ದು ಬಂದು ಕೂಡಲಿಯಲ್ಲಿ ಅದನ್ನು ಸೇರುತ್ತದೆ. ಈ ಎರಡು ಊರುಗಳನ್ನು ಕೂಡಿಸುವ ರೈಲುದಾರಿಯ ಬದಿಯಲ್ಲಿಯೂ, ಶಿವಮೊಗ್ಗದಿಂದ ಮಲೆನಾಡಿನ ತಾಲ್ಲೂಕುಗಳಿಗೆ ಹೋಗುವ ರಸ್ತೆಗಳ ಬದಿಯಲ್ಲಿಯೂ ಒಂದು ಕಾಲದಲ್ಲಿ ತಂತಿಕಂಬಗಳು ಸಾಲಾಗಿ ನಿಂತಿದ್ದವು. ೧೯೪೨ರಲ್ಲಿ ಆ ತಂತಿಗಳ ಮೇಲೆ ಈ ಸೀಮೆಯ ಕೆಲವು ವಿದ್ಯಾರ್ಥಿಗಳ ಕಣ್ಣು ಬಿದ್ದಿತು. ತಂತಿ ಕತ್ತರಿಸಿದ ಆರೋಪದ ಮೇಲೆ ಸೆರೆಮನೆ ಸೇರಿದ ತರುಣರಲ್ಲಿ ಒಬ್ಬರು ಹತ್ತು ವರ್ಷಗಳ ತರುವಾಯ ರಾಜ್ಯದ ವಿಧಾನಸಭೆಯಲ್ಲಿ ಎದ್ದುನಿಂತು ಬಡರೈತನ ಪರವಾಗಿ ಮಾತನಾಡಿದರು. ಅವರೇ ಶಾಂತವೇರಿ ಗೋಪಾಲಗೌಡರು. ಗುಟ್ಟಿನಲ್ಲಿ ಮೊಳೆತ ಹೋರಾಟದ ಬದುಕೊಂದು ಬಯಲಿಗೆ ಬಂದು ಬೆಳೆದ ಬಗೆಯೇ ಅವರ ಜೀವನದ ಕಥೆ.

ಗೋಪಾಲಗೌಡರು ೧೯೨೩ನೆಯ ಇಸವಿ ಮಾರ್ಚ್ ೧೪ರಂದು ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಜನಿಸಿದರು. ತಂದೆ ಕೊಲ್ಲೂರಯ್ಯಗೌಡ, ತಾಯಿ ಶೇಷಮ್ಮ. ವಿಜಯನಗರದ ಅರಸರ ಕಾಲದಲ್ಲಿ ಆರಗವು ಒಂದು ರಾಜ್ಯಭಾಗದ ಮುಖ್ಯಪಟ್ಟಣವಾಗಿ ಮೆರೆದಿತ್ತು. ಗೋಪಾಲಗೌಡರು ಹುಟ್ಟುವ ವೇಳೆಗೆ ಆ ವೈಭವವೆಲ್ಲ ಅಳಿದು, ಅದು ಕಾಡು, ಗದ್ದೆ, ಅಡಕೆತೋಟಗಳ ನಡುವಣ ಒಂದು ಸಾಧಾರಣ ಊರಾಗಿತ್ತು. ಅವರ ಮನೆತನ ಬಡತನದ್ದು.

ಅಂದಿನ ಮಲೆನಾಡಿನಲ್ಲಿ ಭೂಮಿಯ ಒಡೆತನ ಕೆಲವರ ಕೈಯಲ್ಲಿತ್ತು. ಉಳುಮೆಯ ಶ್ರಮ ಹಲವರದಾಗಿತ್ತು. ಗೇಣಿದಾರನು ಮಳೆಯಲ್ಲಿ ನೆನೆದು, ಕೆಸರಿನಲ್ಲಿ ದುಡಿದು, ಸುಗ್ಗಿಯಲ್ಲಿ ಬೆಳೆಯ ಹೆಚ್ಚಿನ ಪಾಲನ್ನು ಒಡೆಯನ ಅಂಗಳಕ್ಕೆ ಅಳೆದುಕೊಡುತ್ತಿದ್ದನು. ಕೊಟ್ಟುದಕ್ಕೆ ರಸೀದಿಯಿಲ್ಲ, ಉಳುವ ಭೂಮಿ ಮುಂದಿನ ವರ್ಷವೂ ತನ್ನ ಕೈಯಲ್ಲಿ ಇದ್ದೀತೆಂಬ ಭರವಸೆಯೂ ಇಲ್ಲ. ಬಾಲಕ ಗೋಪಾಲನು ಕಣ್ಣು ಬಿಟ್ಟು ನೋಡಿದುದು ಈ ಲೋಕವನ್ನು. ಹಳ್ಳಿಯ ಬಡ ಮಕ್ಕಳಿಗೆ ಮೇಲಿನ ತರಗತಿಗಳ ವಿದ್ಯೆ ಸುಲಭವಾಗಿ ದಕ್ಕುತ್ತಿರಲಿಲ್ಲ. ಅಂತಹ ಸ್ಥಿತಿಯಲ್ಲಿಯೂ ಅವರು ಛಲದಿಂದ ಓದನ್ನು ಮುಂದುವರಿಸಿದರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ವಿದ್ಯಾರ್ಥಿಯಾಗಿದ್ದಾಗಲೇ ದೇಶದಲ್ಲಿ ದೊಡ್ಡದೊಂದು ಬಿರುಗಾಳಿ ಎದ್ದಿತು.

ಶಿವಮೊಗ್ಗ ಜಿಲ್ಲೆಯು ಆಗ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಪ್ರಜೆಗಳು ಆರಿಸಿದವರೇ ಆಡಳಿತ ನಡೆಸುವ ಜವಾಬ್ದಾರಿ ಸರ್ಕಾರ ಬೇಕೆಂಬ ಬೇಡಿಕೆ ಸಂಸ್ಥಾನದಲ್ಲಿ ಬಲಗೊಳ್ಳುತ್ತಿತ್ತು. ೧೯೩೮ರ ಏಪ್ರಿಲ್ ತಿಂಗಳಿನಲ್ಲಿ ಶಿವಪುರದ ಧ್ವಜಸತ್ಯಾಗ್ರಹವೂ ವಿದುರಾಶ್ವತ್ಥದ ಗೋಲಿಬಾರೂ ನಡೆದು ನಾಡಿನ ಮನಸ್ಸನ್ನು ಕಲಕಿದ್ದವು. ಶಿವಮೊಗ್ಗವು ಓದುವ ಹುಡುಗರು ಬಂದು ಸೇರುವ ನಗರವಾಗಿ ಬೆಳೆಯುತ್ತಿತ್ತು. ೧೯೪೦ರಲ್ಲಿ ಅಲ್ಲಿ ಇಂಟರ್‌ಮೀಡಿಯೆಟ್ ಕಾಲೇಜು ಆರಂಭವಾಯಿತು. ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯು ದುಡಿಯುವವರ ನಗರವಾಗಿತ್ತು. ಅಲ್ಲಿನ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಕೆಲಸ ಆರಂಭಿಸಿತ್ತು. ಕೆಮ್ಮಣ್ಣುಗುಂಡಿಯಿಂದ ಬಂದ ಅದಿರನ್ನು ಮಲೆನಾಡಿನ ಕಾಡುಗಳ ಇದ್ದಿಲಿನಿಂದ ಅಲ್ಲಿ ಕರಗಿಸುತ್ತಿದ್ದರು. ೧೯೨೭ರಲ್ಲಿ ಗಾಂಧೀಜಿಯವರು ಶಿವಮೊಗ್ಗ ಮತ್ತು ಭದ್ರಾವತಿಗಳಿಗೆ ಬಂದುಹೋದ ನೆನಪು ಜನರಲ್ಲಿ ಹಸಿರಾಗಿತ್ತು. ಹೀಗೆ ಒಂದು ಕಡೆ ವಿದ್ಯಾರ್ಥಿಗಳೂ ಇನ್ನೊಂದು ಕಡೆ ಕಾರ್ಮಿಕರೂ ಇದ್ದ ಈ ಸೀಮೆಗೆ ೧೯೪೨ರ ಕರೆ ತಲುಪಿತು.

ಆ ವರ್ಷದ ಆಗಸ್ಟ್ ೮ರಂದು ಮುಂಬಯಿಯಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯು ಬ್ರಿಟಿಷರು ಭಾರತವನ್ನು ಬಿಟ್ಟು ತೊಲಗಬೇಕೆಂಬ ನಿರ್ಣಯವನ್ನು ಅಂಗೀಕರಿಸಿತು. ಮರುದಿನ ಬೆಳಗಾಗುವುದರೊಳಗೆ ಗಾಂಧೀಜಿ ಮೊದಲಾದ ಮುಖಂಡರೆಲ್ಲ ಬಂಧಿತರಾದರು. ಪತ್ರಿಕೆಗಳ ಬಾಯಿ ಕಟ್ಟಲಾಯಿತು; ಸಭೆ ಮೆರವಣಿಗೆಗಳನ್ನು ನಿಷೇಧಿಸಲಾಯಿತು. ದಾರಿ ತೋರುವವರಿಲ್ಲದೆ ಚಳವಳಿಯು ತರುಣರ ಕೈಗೆ ಬಂದಿತು. ಮೈಸೂರು ಸಂಸ್ಥಾನದ ಊರೂರುಗಳಲ್ಲಿ ವಿದ್ಯಾರ್ಥಿಗಳು ತರಗತಿಗಳನ್ನು ಬಹಿಷ್ಕರಿಸಿ ಹೊರಬಂದರು. ಕಾರ್ಖಾನೆಗಳಲ್ಲಿ ಮುಷ್ಕರಗಳಾದವು, ಭದ್ರಾವತಿಯ ಕಾರ್ಮಿಕರೂ ಕೆಲಸ ನಿಲ್ಲಿಸಿದರು.

ಬಹಿರಂಗವಾಗಿ ಮಾತನಾಡುವುದು ಅಪರಾಧವಾದಾಗ ಮಾತು ಅಡಗಿಕೊಂಡು ಬಾಳುತ್ತದೆ. ಕೋಣೆಯೊಳಗೆ ನಾಲ್ವರು ಸೇರುವುದು, ನಂಬಿಗಸ್ತರಿಗೆ ಮಾತ್ರ ಸುದ್ದಿ ಮುಟ್ಟಿಸುವುದು, ಕೈಬರಹದ ಕರಪತ್ರವನ್ನು ರಾತ್ರಿ ಹಂಚುವುದು, ಇವು ಆ ದಿನಗಳ ಚಳವಳಿಯ ರೀತಿಯಾದವು. ಇಂತಹ ಕಡೆ ವದಂತಿಯೂ ಹುಲುಸಾಗಿ ಬೆಳೆಯುತ್ತದೆ. ಪತ್ರಿಕೆ ಸತ್ಯವನ್ನು ಹೇಳಲಾರದಾದಾಗ ಜನರು ಕೇಳಿದುದನ್ನೆಲ್ಲ ನಂಬುತ್ತಾರೆ. ಇಬ್ಬರು ಹುಡುಗರು ಓದಲು ಕುಳಿತರೂ ಅಧಿಕಾರಿಗಳಿಗೆ ಅದೊಂದು ಒಳಸಂಚಿನಂತೆ ತೋರುತ್ತದೆ. ಹೀಗೆ ಭಯವು ಎರಡೂ ಕಡೆಗಳಲ್ಲಿ ಹೆಚ್ಚುತ್ತದೆ.

ಇದು ಶಿವಮೊಗ್ಗದ ಸೀಮೆಯಲ್ಲಿ ಮಾತ್ರ ಕಂಡ ಸಂಗತಿಯಲ್ಲ. ಇದಕ್ಕೆ ಸುಮಾರು ಕಾಲು ಶತಮಾನದ ಹಿಂದೆ ಚೀನಾದೇಶದಲ್ಲಿಯೂ ವಿದ್ಯಾರ್ಥಿ ಕೂಟಗಳು ತಲೆಯೆತ್ತಿದ್ದವು. ೧೯೧೯ರ ಮೇ ೪ರಂದು ಪೀಕಿಂಗ್ ನಗರದಲ್ಲಿ ಸುಮಾರು ಮೂರು ಸಾವಿರ ವಿದ್ಯಾರ್ಥಿಗಳು ಬೀದಿಗಿಳಿದರು. ಅದೇ ವರ್ಷ ಟಿಯೆನ್‌ಟ್ಸಿನ್ ಎಂಬ ನಗರದಲ್ಲಿ ಹುಡುಗರೂ ಹುಡುಗಿಯರೂ ಕೂಡಿ ಸಂಘವೊಂದನ್ನು ಕಟ್ಟಿದರು. ಅದರ ಸದಸ್ಯರು ಚೀಟಿಯೆತ್ತಿ ತಮಗೆ ಬಂದ ಸಂಖ್ಯೆಯನ್ನೇ ಹೆಸರಿನ ಬದಲು ಬಳಸಿದರು. ಐದನೆಯ ಸಂಖ್ಯೆ ಬಂದ ತರುಣನು ಮುಂದೆ ಚೀನಾದ ಪ್ರಧಾನಿಯಾದ ಚೌ ಎನ್‌ಲಾಯ್. ಇಂತಹ ಕೂಟಗಳಿಂದ ಬಂದವರು ೧೯೪೯ರಲ್ಲಿ ಆ ದೇಶದ ಆಳುವವರಾದರು. ಆದರೆ ೧೯೫೭ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳು ಆಡಳಿತದ ದೋಷಗಳನ್ನು ಎತ್ತಿ ಆಡಿದಾಗ ಅವರಲ್ಲಿ ಅನೇಕರು ಶಿಕ್ಷೆಗೆ ಗುರಿಯಾದರು. ಗುಟ್ಟಿನಲ್ಲಿ ಬೆಳೆದವರು ಅಧಿಕಾರಕ್ಕೆ ಬಂದ ಮೇಲೆ ಬಯಲಿನ ಮಾತನ್ನು ಸಹಿಸುವರೇ ಇಲ್ಲವೇ ಎಂಬುದು ಎಲ್ಲ ಹೋರಾಟಗಳಿಗೂ ಎದುರಾಗುವ ಪ್ರಶ್ನೆ. ಗೋಪಾಲಗೌಡರ ಬದುಕು ಈ ಪ್ರಶ್ನೆಗೆ ತನ್ನದೇ ಆದ ಉತ್ತರವನ್ನು ನೀಡಿತು.

ಮಲೆನಾಡಿನ ವಿದ್ಯಾರ್ಥಿಗಳು ತಂತಿಯನ್ನೇ ಆರಿಸಿಕೊಂಡುದಕ್ಕೆ ಕಾರಣವಿತ್ತು. ತಾಲ್ಲೂಕಿನ ಅಮಲ್ದಾರನು ಚಳವಳಿಯ ಸುದ್ದಿಯನ್ನು ಜಿಲ್ಲೆಯ ಕಚೇರಿಗೆ ಮುಟ್ಟಿಸುತ್ತಿದ್ದುದು ತಂತಿಯ ಮೂಲಕ. ಪೊಲೀಸರಿಗೆ ಅಪ್ಪಣೆ ಬರುತ್ತಿದ್ದುದೂ ತಂತಿಯ ಮೂಲಕ. ಆ ಎಳೆ ಕಡಿದರೆ ಆಡಳಿತಕ್ಕೆ ಸ್ವಲ್ಪ ಕಾಲವಾದರೂ ಕಣ್ಣು ಕಿವಿಗಳು ಇಲ್ಲದಂತಾಗುತ್ತಿದ್ದವು. ಮನುಷ್ಯರಿಗೆ ಗಾಯ ಮಾಡದೆ ಸರ್ಕಾರವನ್ನು ನಿಶ್ಶಕ್ತಗೊಳಿಸುವ ಮಾರ್ಗವಿದೆಂದು ಆ ಚಳವಳಿಯ ತರುಣರು ತಿಳಿದಿದ್ದರು. ಗೋಪಾಲಗೌಡರು ಈ ಕಾರ್ಯದಲ್ಲಿ ಪಾಲ್ಗೊಂಡು ಬಂಧನಕ್ಕೆ ಒಳಗಾದರು. ಓದಿನ ಕೋಣೆಯಲ್ಲಿರಬೇಕಾದ ವಿದ್ಯಾರ್ಥಿಯು ಶಿವಮೊಗ್ಗದ ಸೆರೆಮನೆಯನ್ನು ಸೇರಿದನು. ಬಡವರ ಮನೆಯ ಹುಡುಗನು ಸೆರೆಮನೆಗೆ ಹೋಗುವುದೆಂದರೆ ಆ ಮನೆಯು ಅವನ ಓದಿನ ಮೇಲೆ ಇಟ್ಟುಕೊಂಡಿದ್ದ ಆಸೆಯನ್ನೇ ಪಣಕ್ಕೆ ಒಡ್ಡಿದಂತೆ. ಅದನ್ನು ಅರಿತೂ ಅವರು ಹಿಂಜರಿಯಲಿಲ್ಲ.

ಅದೇ ದಿನಗಳಲ್ಲಿ ಅದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ಇನ್ನೊಂದು ಬಗೆಯ ಸಾಹಸ ನಡೆಯಿತು. ಆ ಹಳ್ಳಿಯ ಜನರು ಗುಟ್ಟನ್ನು ಮಾಡಲಿಲ್ಲ. ತಮ್ಮ ಊರು ಸ್ವತಂತ್ರವಾಯಿತೆಂದು ಸಾರಿ, ವೀರಭದ್ರೇಶ್ವರ ದೇವಾಲಯದ ಮೇಲೆ ಧ್ವಜವನ್ನು ಹಾರಿಸಿದರು. ಜಯಣ್ಣನೆಂಬ ಬಾಲಕನನ್ನು ಅಮಲ್ದಾರನನ್ನಾಗಿಯೂ ಮಲ್ಲಪ್ಪನೆಂಬ ಬಾಲಕನನ್ನು ಪೊಲೀಸ್ ಸಬ್‌ಇನ್ಸ್‌ಪೆಕ್ಟರನ್ನಾಗಿಯೂ ನೇಮಿಸಿದರು. ಎಳೆಯರನ್ನು ಸರ್ಕಾರ ಸೆರೆಯಲ್ಲಿಡಲಾರದೆಂಬುದು ಅವರ ಎಣಿಕೆ. ಸೆಪ್ಟೆಂಬರ್ ೨೮ರಂದು ಅಧಿಕಾರಿಗಳು ಊರಿಗೆ ಬಂದಾಗ ಘರ್ಷಣೆಯಾಗಿ, ಅಮಲ್ದಾರನೂ ಸಬ್‌ಇನ್ಸ್‌ಪೆಕ್ಟರನೂ ಮಡಿದರು. ತರುವಾಯ ಬಂದ ಪಡೆಗಳ ದಬ್ಬಾಳಿಕೆಗೆ ಅಂಜಿ ಜನರು ಕಾಡನ್ನು ಹೊಕ್ಕರು. ೧೯೪೩ರ ಮಾರ್ಚ್ ತಿಂಗಳಲ್ಲಿ ಈಸೂರಿನ ಐವರು ಗಲ್ಲಿಗೇರಿದರು. ಒಂದು ಜಿಲ್ಲೆ ಒಂದೇ ಋತುವಿನಲ್ಲಿ ಕಂಡ ಈ ಎರಡು ದಾರಿಗಳು, ಅವುಗಳಿಗೆ ತೆರಬೇಕಾದ ಬೆಲೆಯೂ, ಆ ತಲೆಮಾರಿನ ತರುಣರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತವು.

ಬಿಡುಗಡೆಯಾದ ಬಳಿಕ ಗೋಪಾಲಗೌಡರು ಓದನ್ನು ಮುಂದುವರಿಸಿದರು. ಆದರೆ ಪುಸ್ತಕದ ವಿದ್ಯೆಗಿಂತ ಲೋಕದ ನೋವು ಅವರನ್ನು ಹೆಚ್ಚಾಗಿ ಸೆಳೆಯಿತು. ೧೯೪೭ರಲ್ಲಿ ದೇಶವು ಸ್ವತಂತ್ರವಾಯಿತು. ಅದೇ ವರ್ಷ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಸಂಸ್ಥಾನದಲ್ಲಿ ಚಳವಳಿ ನಡೆದು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರ ವಹಿಸಿಕೊಂಡಿತು. ಪರಕೀಯರ ಆಳ್ವಿಕೆ ಹೋಯಿತು. ಆದರೆ ಗೇಣಿದಾರನ ಅಂಗಳದಲ್ಲಿ ಬದಲಾವಣೆ ಕಾಣಲಿಲ್ಲ. ಸ್ವಾತಂತ್ರ್ಯವು ಗದ್ದೆಯ ಬದುವಿನವರೆಗೆ ಬರಬೇಕಾದರೆ ಹೋರಾಟ ಇನ್ನೂ ನಡೆಯಬೇಕೆಂದು ಗೋಪಾಲಗೌಡರು ಕಂಡುಕೊಂಡರು. ರಾಮಮನೋಹರ ಲೋಹಿಯಾ ಅವರ ವಿಚಾರಗಳು ಅವರ ಮನಸ್ಸನ್ನು ತುಂಬಿದವು. ಅವರು ಸಮಾಜವಾದಿ ಪಕ್ಷವನ್ನು ಸೇರಿ ಶಿವಮೊಗ್ಗ ಜಿಲ್ಲೆಯಲ್ಲಿ ಅದನ್ನು ಕಟ್ಟಿದರು.

ಈ ಕಾಲದಲ್ಲಿ ಮಲೆನಾಡಿನ ಅನೇಕ ತರುಣರು ಅವರ ಸುತ್ತ ನೆರೆದರು. ಮುಂದೆ ಸಾಹಿತಿಯಾಗಿ ಹೆಸರಾದ ಯು. ಆರ್. ಅನಂತಮೂರ್ತಿಯವರು, ಮುಂದೆ ರಾಜ್ಯದ ಮುಖ್ಯಮಂತ್ರಿಯಾದ ಜೆ. ಎಚ್. ಪಟೇಲರು ಅವರಿಂದ ಪ್ರಭಾವಿತರಾದವರು. ಈ ಬಳಗಕ್ಕೆ ಗುಪ್ತನಾಮಗಳಾಗಲಿ ಸಂಕೇತಗಳಾಗಲಿ ಬೇಕಿರಲಿಲ್ಲ. ಚರ್ಚೆ, ವಾಗ್ವಾದ, ಕಾವ್ಯವಾಚನಗಳಿಗೆ ಅಲ್ಲಿ ಬಾಗಿಲು ತೆರೆದೇ ಇತ್ತು. ತಂತಿ ಕತ್ತರಿಸಿದ ಕೈ ಈಗ ಜನರ ನಡುವೆ ಮಾತಿನ ತಂತುವನ್ನು ಬೆಸೆಯಲು ತೊಡಗಿತ್ತು.

ಅವರ ಈ ನಿಲುವನ್ನು ನಾಡೆಲ್ಲ ಕಂಡುದು ಕಾಗೋಡಿನಲ್ಲಿ. ಕಾಗೋಡು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿನ ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಒಡೆಯನಿಗೆ ಗೇಣಿಯ ಭತ್ತವನ್ನು ಅಳೆದುಕೊಡುವ ಕೊಳಗವು ಸರ್ಕಾರಿ ಅಳತೆಗಿಂತ ದೊಡ್ಡದಾಗಿತ್ತು. ಕೊಳಗವೊಂದರಲ್ಲಿ ಕಾಣುವ ವ್ಯತ್ಯಾಸ ಅಲ್ಪವೆನಿಸಿದರೂ, ಕಣದಲ್ಲಿ ನೂರಾರು ಕೊಳಗ ಅಳೆಯುವಾಗ ಅದು ಬಡವನ ಮನೆಯ ತಿಂಗಳ ಗಂಜಿಯನ್ನೇ ಕಸಿಯುತ್ತಿತ್ತು. ಸರಿಯಾದ ಅಳತೆ ಬೇಕು, ಕೊಟ್ಟ ಗೇಣಿಗೆ ರಸೀದಿ ಬೇಕು ಎಂದು ರೈತರು ಕೇಳಿದರು. ರೈತಸಂಘವನ್ನು ಕಟ್ಟಿದ ಎಚ್. ಗಣಪತಿಯಪ್ಪನವರು ಅವರಿಗೆ ಮುಂದಾಳಾದರು. ಕೇಳಿದ ರೈತರಿಗೆ ಭೂಮಿಯೇ ಕೈತಪ್ಪಿಹೋಗುವ ಸ್ಥಿತಿ ಬಂದಿತು. ೧೯೫೧ರ ಏಪ್ರಿಲ್ ತಿಂಗಳಲ್ಲಿ ಸತ್ಯಾಗ್ರಹ ಆರಂಭವಾಯಿತು.

ಸಮಾಜವಾದಿ ಪಕ್ಷವು ಈ ಹೋರಾಟಕ್ಕೆ ಹೆಗಲು ಕೊಟ್ಟಿತು; ಗೋಪಾಲಗೌಡರು ಅದರ ಮುಂಚೂಣಿಯಲ್ಲಿ ನಿಂತರು. ರೈತರು ತಂಡತಂಡವಾಗಿ, ಹಾಡು ಹಗಲಿನಲ್ಲಿ, ನೇಗಿಲು ಹೊತ್ತು ಗದ್ದೆಗೆ ಇಳಿದರು. ಅಲ್ಲಿಯೇ ನಿಂತು ಬಂಧನಕ್ಕೆ ಒಳಗಾದರು. ಒಂದು ತಂಡ ಹೋದೊಡನೆ ಮತ್ತೊಂದು ತಂಡ ಬಂದಿತು. ಹೆಂಗಸರೂ ಹಿಂದೆ ಉಳಿಯಲಿಲ್ಲ. ಜೂನ್ ತಿಂಗಳಲ್ಲಿ ಲೋಹಿಯಾ ಅವರೇ ಕಾಗೋಡಿಗೆ ಬಂದು ಸತ್ಯಾಗ್ರಹದಲ್ಲಿ ಭಾಗವಹಿಸಿ ಬಂಧಿತರಾದರು. ಅದರಿಂದ ಮಲೆನಾಡಿನ ಮೂಲೆಯ ಹಳ್ಳಿಯೊಂದರ ಹೆಸರು ದೇಶದಲ್ಲೆಲ್ಲ ಕೇಳಿಬಂದಿತು. ೧೯೪೨ರಲ್ಲಿ ತರುಣರು ತಮ್ಮ ಗುರುತನ್ನು ಮರೆಸಿಕೊಳ್ಳಬೇಕಾಗಿತ್ತು; ೧೯೫೧ರಲ್ಲಿ ಅಕ್ಷರ ಬಾರದ ರೈತನು ತನ್ನ ಹೆಸರನ್ನು ತಾನೇ ಹೇಳಿ ಪೊಲೀಸರ ವಾಹನವನ್ನು ಏರಿದನು. ಗೋಪಾಲಗೌಡರ ದೃಷ್ಟಿಯಲ್ಲಿ ನಿಜವಾದ ಧೈರ್ಯವೆಂದರೆ ಇದೇ. ಕಾಗೋಡಿನ ರೈತರಿಗೆ ಕೂಡಲೇ ಜಯ ದೊರೆಯಲಿಲ್ಲ. ಆದರೆ ಉಳುವವನಿಗೂ ಹಕ್ಕುಂಟೆಂಬ ಮಾತು ಅಲ್ಲಿಂದ ಎದ್ದು ನಾಡನ್ನು ಹಬ್ಬಿತು.

೧೯೫೨ರ ಮೊದಲ ಮಹಾಚುನಾವಣೆಯಲ್ಲಿ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದು ವಿಧಾನಸಭೆಯನ್ನು ಪ್ರವೇಶಿಸಿದರು. ಆಗ ಅವರ ವಯಸ್ಸು ಇಪ್ಪತ್ತೊಂಬತ್ತು. ಸಭೆಯಲ್ಲಿ ಅವರ ಪಕ್ಷದವರು ಬೆರಳೆಣಿಕೆಯಷ್ಟು ಮಂದಿ. ಆದರೂ ಅವರು ಎದ್ದುನಿಂತರೆ ಸಭೆಯು ಕಿವಿಗೊಡುತ್ತಿತ್ತು. ೧೯೫೭ರಲ್ಲಿ ಸೋತಾಗ ಅವರು ಕುಗ್ಗಲಿಲ್ಲ. ೧೯೬೨ ಮತ್ತು ೧೯೬೭ರಲ್ಲಿ ಜನರು ಅವರನ್ನು ಮತ್ತೆ ಆರಿಸಿ ಕಳುಹಿಸಿದರು.

ಅವರು ಚುನಾವಣೆಯನ್ನು ಎದುರಿಸಿದ ರೀತಿಯೂ ನೆನೆಯತಕ್ಕದ್ದು. ಅವರಲ್ಲಿ ಹಣವಿರಲಿಲ್ಲ, ಹಣವಂತರ ಹಂಗು ಅವರಿಗೆ ಬೇಕಿರಲಿಲ್ಲ. ಮತದಾರನು ಒಂದು ವೋಟಿನೊಂದಿಗೆ ಒಂದು ನೋಟನ್ನೂ ಕೊಡಬೇಕೆಂದು ಅವರು ಬಹಿರಂಗವಾಗಿ ಕೇಳಿದರು. ಜನರು ತಮ್ಮ ಕೈಯಲ್ಲಿದ್ದುದನ್ನು ಕೊಟ್ಟರು. ಅಭ್ಯರ್ಥಿಯ ಖರ್ಚಿಗೆ ಹಣ ಎಲ್ಲಿಂದ ಬಂದಿತೆಂಬುದು ಇದರಿಂದ ಎಲ್ಲರಿಗೂ ತಿಳಿದ ಸಂಗತಿಯಾಯಿತು. ಕೊಟ್ಟವನಿಗೆ ಕೇಳುವ ಹಕ್ಕು ಬಂದಿತು. ಪಡೆದವನಿಗೆ ಉತ್ತರ ಹೇಳುವ ಹೊಣೆ ಬಂದಿತು.

ಕನ್ನಡದ ವಿಷಯದಲ್ಲಿ ಅವರದು ರಾಜಿಯಿಲ್ಲದ ನಿಲುವು. ಕಚೇರಿಯ ಕಾಗದಪತ್ರಗಳು, ನ್ಯಾಯಾಲಯದ ತೀರ್ಪುಗಳು, ಶಾಸನಗಳು ಇಂಗ್ಲಿಷಿನಲ್ಲಿದ್ದ ಕಾಲವದು. ತನ್ನ ಜಮೀನಿನ ಬಗೆಗೆ ಹೊರಟ ಆಜ್ಞೆಯನ್ನೇ ರೈತನು ಓದಲಾರ. ಅದನ್ನು ಇನ್ನೊಬ್ಬರಿಂದ ಓದಿಸಿ ಕೇಳಿ, ಅವರು ಹೇಳಿದುದನ್ನು ನಂಬಬೇಕು. ಜನರಿಗೆ ತಿಳಿಯದ ಭಾಷೆಯಲ್ಲಿ ನಡೆಯುವ ಆಡಳಿತವು ಬಾಗಿಲು ಮುಚ್ಚಿಕೊಂಡು ನಡೆಸುವ ಗುಪ್ತಸಭೆಗಿಂತ ಭಿನ್ನವಲ್ಲ. ಈ ಗುಟ್ಟನ್ನು ಒಡೆಯುವ ಕೀಲಿಕೈ ಕನ್ನಡವೆಂದು ಗೋಪಾಲಗೌಡರು ತಿಳಿದರು. ಶಾಸನಸಭೆಯಲ್ಲಿ ಕನ್ನಡದಲ್ಲಿಯೇ ಮಾತನಾಡಿದರು. ಆಡಳಿತವೂ ಶಿಕ್ಷಣವೂ ಕನ್ನಡದಲ್ಲಿ ನಡೆಯಬೇಕೆಂದು ಒತ್ತಾಯಿಸಿದರು. ೧೯೬೩ರಲ್ಲಿ ಕನ್ನಡವು ರಾಜ್ಯದ ಆಡಳಿತ ಭಾಷೆಯೆಂಬ ಶಾಸನವಾಯಿತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬರಬೇಕೆಂದು ವಾದಿಸಿದವರಲ್ಲಿಯೂ ಅವರೊಬ್ಬರು.

ಸಾಹಿತ್ಯವೆಂದರೆ ಅವರಿಗೆ ಪ್ರಾಣ. ಕನ್ನಡದ ಕವಿಗಳನ್ನು ಅವರು ಮನಸಾರೆ ಓದಿದ್ದರು; ಗೋಪಾಲಕೃಷ್ಣ ಅಡಿಗರೇ ಮೊದಲಾದ ಸಾಹಿತಿಗಳ ಸ್ನೇಹವನ್ನು ಗಳಿಸಿದ್ದರು. ಅವರ ಪತ್ನಿ ಸೋನಕ್ಕನವರು. ಮೂರು ಬಾರಿ ಶಾಸಕರಾದರೂ ಅವರು ಆಸ್ತಿಯನ್ನು ಕೂಡಿಡಲಿಲ್ಲ. ಅನ್ಯಾಯವನ್ನು ಕಂಡಾಗ ಅವರಿಗೆ ಕೋಪ ಉಕ್ಕುತ್ತಿತ್ತು. ಆ ಕೋಪವನ್ನು ಮೆಚ್ಚದವರೂ ಅದರ ಹಿಂದೆ ಸ್ವಾರ್ಥವಿರಲಿಲ್ಲವೆಂಬುದನ್ನು ಒಪ್ಪುತ್ತಿದ್ದರು. ಕೊನೆಯ ವರ್ಷಗಳಲ್ಲಿ ಅನಾರೋಗ್ಯವು ಅವರನ್ನು ಬಹುವಾಗಿ ಬಳಲಿಸಿತು. ೧೯೭೨ರ ಜೂನ್ ೯ರಂದು, ಐವತ್ತು ತುಂಬುವ ಮುನ್ನವೇ, ಅವರು ನಿಧನರಾದರು.

ಅವರು ಕಂಡ ಕನಸುಗಳಲ್ಲಿ ಕೆಲವು ಅವರ ಅನಂತರ ಕೈಗೂಡಿದವು. ೧೯೭೩ರ ನವೆಂಬರ್ ೧ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ದೇವರಾಜ ಅರಸರ ಸರ್ಕಾರವು ತಂದ ಭೂಸುಧಾರಣಾ ತಿದ್ದುಪಡಿ ಶಾಸನವು ೧೯೭೪ರ ಮಾರ್ಚ್ ತಿಂಗಳಿನಿಂದ ಜಾರಿಗೆ ಬಂದು, ಗೇಣಿದಾರರು ತಾವು ಉಳುತ್ತಿದ್ದ ಭೂಮಿಯ ಒಡೆತನವನ್ನು ಪಡೆಯಲು ಅವಕಾಶವಾಯಿತು. ಅದಕ್ಕಾಗಿ ಗೇಣಿದಾರರು ಭೂನ್ಯಾಯಮಂಡಳಿಯ ಮುಂದೆ ನಿಂತು, ತಾವೇ ಉಳುವವರೆಂದು ಎಲ್ಲರ ಎದುರಿನಲ್ಲಿ ಹೇಳಿದರು. ಆ ದಿನವನ್ನು ನೋಡಲು ಗೋಪಾಲಗೌಡರು ಇರಲಿಲ್ಲ. ೧೯೭೮ರಲ್ಲಿ ಪ್ರಕಟವಾದ ಅನಂತಮೂರ್ತಿಯವರ ಅವಸ್ಥೆ ಎಂಬ ಕಾದಂಬರಿಯ ನಾಯಕನಲ್ಲಿ ಓದುಗರು ಅವರ ಛಾಯೆಯನ್ನು ಗುರುತಿಸಿದರು.

೨೦೧೩ರ ಜುಲೈ ತಿಂಗಳಲ್ಲಿ ಭಾರತದ ತಂತಿ ಸೇವೆಯೇ ನಿಂತುಹೋಯಿತು. ವಿದ್ಯಾರ್ಥಿಗಳು ಕತ್ತರಿಸಿದ ಆ ತಂತಿಗಳು ಇಂದು ನೆನಪು ಮಾತ್ರ. ಮಾತಿಗೆ ಬಾಗಿಲು ಮುಚ್ಚಿದ ಕಾಲದಲ್ಲಿ ತರುಣರು ಗುಟ್ಟಿನ ದಾರಿಯನ್ನು ಹಿಡಿದುದು ಅನಿವಾರ್ಯವಾಗಿತ್ತು. ಆ ಬಾಗಿಲು ತೆರೆದೊಡನೆ ಗೋಪಾಲಗೌಡರು ಆ ದಾರಿಯನ್ನು ಬಿಟ್ಟು ಬಯಲಿಗೆ ಬಂದರು. ತಮ್ಮೊಡನೆ ಗೇಣಿದಾರನನ್ನೂ, ಮತದಾರನನ್ನೂ, ಕನ್ನಡವನ್ನೂ ಬಯಲಿಗೆ ಕರೆತಂದರು. ಎದುರಾಳಿಯ ಮುಖವನ್ನು ನೋಡಿ ನಿಜವನ್ನು ಹೇಳಬಲ್ಲ ಪ್ರಜೆಗಳು ಇರುವ ನಾಡಿನಲ್ಲಿ ವದಂತಿಗೆ ಬಲವಿಲ್ಲ, ಪಿಸುಮಾತಿಗೆ ಕೆಲಸವಿಲ್ಲ. ಅಂತಹ ನಾಡನ್ನು ಕಟ್ಟುವುದಕ್ಕಾಗಿ ಆರಗದ ಬಡ ಹುಡುಗನು ತನ್ನ ಬಾಳನ್ನು ಸವೆಸಿದನು.